ದಾರಿಯಲ್ಲಿ ಸಿಗುವ ನೆರೆಹೊರೆಯವರು

(ದೇಹೂ ರೋಡಿನಲ್ಲಿ ಜರಗಿದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಈ ಜಾಗದಲ್ಲಿ ನಿಂತಾಗಲೆಲ್ಲ ನಾವು ಪಗಾರ, ಬೋನಸು, ಪಾಳಿ, ಪ್ರಾವಿಡೆಂಟ್ ಫಂಡು ಇವುಗಳ ಮಾತನ್ನೇ ಆಡುತ್ತ ಬಂದಿದ್ದೇವೆ. ಈ ಸಲ ಹಕ್ಕಿ, ಹಾವು, ಮುಂಗುಸಿಗಳ ವಿಷಯ ಮಾತಾಡುತ್ತೇವೆ ಎಂದಾಗ ನಮ್ಮ ಕಾರ್ಯದರ್ಶಿಗಳು ನಕ್ಕರು. "ಏನ್ರೀ, ಸಂಘ ಬಿಟ್ಟು ಸರ್ಕಸ್ ಕಂಪನಿ ಸೇರಿದಿರಾ?" ಎಂದು ಕೇಳಿದರು. ಇದೂ ಸಂಘದ ಕೆಲಸ ಹೌದೋ ಅಲ್ಲವೋ, ಮಾತು ಮುಗಿದ ಮೇಲೆ ತಾವೇ ತೀರ್ಪು ಕೊಡಬೇಕು. ನಾವು ಓದಿದ್ದು ಏಳನೆಯ ತರಗತಿ. ಕಲಿತದ್ದರಲ್ಲಿ ಹೆಚ್ಚು ಪಾಲು ದಾರಿಯಲ್ಲಿ ಕಲಿತದ್ದು. ತಪ್ಪಿದ್ದರೆ ತಿದ್ದಿಕೊಡಿ.

ಊರಿನಲ್ಲಿ ಕಾಡುಜೀವಿಗಳನ್ನು ಹೆಚ್ಚಾಗಿ ನೋಡುವವರು ಯಾರು? ದೊಡ್ಡ ಕ್ಯಾಮೆರಾ ಹೊತ್ತವರು ಎಂದು ನೀವು ಹೇಳಬಹುದು. ನಮ್ಮ ಅನುಭವ ಬೇರೆ. ಇಡ್ಲಿ ಹಂಡೆಗೆ ಬೆಂಕಿ ಹಾಕಲು ನಸುಕಿನ ನಾಲ್ಕಕ್ಕೆ ಸೈಕಲ್ ತುಳಿಯುವ ಅಡಿಗೆಯವರು ನೋಡುತ್ತಾರೆ. ರಾತ್ರಿ ಹನ್ನೆರಡಕ್ಕೆ ನೆಲ ತೊಳೆದು ಖೋಲಿಗೆ ನಡೆದು ಹೋಗುವ ಕ್ಲೀನರುಗಳು ನೋಡುತ್ತಾರೆ. ಮೂರನೆಯ ಪಾಳಿ ಮುಗಿಸಿ ಬರುವ ಕಾರ್ಖಾನೆಯ ಗೆಳೆಯರು ನೋಡುತ್ತಾರೆ. ಜನ ಏಳುವ ಮೊದಲು, ಜನ ಮಲಗಿದ ಮೇಲೆ ಓಡಾಡುವುದು ನಮ್ಮ ಪಾಡು. ಆ ಜೀವಿಗಳ ಪಾಡೂ ಅದೇ. ಹಾಗಾಗಿ ಅವು ನಮಗೆ ಎದುರಾಗುತ್ತವೆ.

ಹೊಸಬರಿಗಾಗಿ ಈ ಊರಿನ ಗುರುತು ಹೇಳುತ್ತೇವೆ. ಪುಣೆಯಿಂದ ಲೋಣಾವಳಾ ಕಡೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಆಕುರ್ಡಿ ಆದ ಮೇಲೆ ದೇಹೂ ರೋಡು. ಹಳೆಯ ಮುಂಬಯಿ-ಪುಣೆ ರಸ್ತೆ ಊರಿನ ನಡುವೆಯೇ ಹಾಯ್ದಿದೆ. ಸಂತ ತುಕಾರಾಮರ ದೇಹೂ ಗ್ರಾಮ ಇಲ್ಲಿಂದ ಆರೇಳು ಕಿಲೋಮೀಟರ್ ದೂರ, ಇಂದ್ರಾಯಣಿಯ ದಂಡೆಯಲ್ಲಿದೆ. 1954ರ ಡಿಸೆಂಬರ್ 25ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಬುದ್ಧಮೂರ್ತಿಯನ್ನು ಸ್ಥಾಪಿಸಿದ್ದು ಈ ಊರಿನಲ್ಲಿ. ತಳೇಗಾಂವ್ ಕಡೆಗೆ ಸ್ವಲ್ಪ ಮುಂದೆ ಹೋದರೆ ಶೇಲಾರವಾಡಿಯ ಗುಡ್ಡ, ಅದರಲ್ಲಿ ಬೌದ್ಧರ ಕಾಲದ ಗುಹೆಗಳು. ಇನ್ನು ಊರಿಗೆ ಅನ್ನ ಕೊಟ್ಟದ್ದು ಸೈನ್ಯದ ಡಿಪೋ. ಮದ್ದುಗುಂಡಿನ ಡಿಪೋ ಇರುವುದರಿಂದ ಅದರ ಸುತ್ತ ಕಟ್ಟಡ ಕಟ್ಟಲು ನಿರ್ಬಂಧವಿದೆ. ಪಿಂಪ್ರಿ, ಚಿಂಚವಾಡಗಳಲ್ಲಿ ಮಾಳವೆಲ್ಲ ಮನೆಯಾದರೂ ಇಲ್ಲಿ ಬೇಲಿಯ ಆಚೆ ಜಾಲಿ, ಹುಲ್ಲು, ಕುರುಚಲು ಗಿಡ ಉಳಿದುಕೊಂಡಿವೆ. ಅದೇ ಈ ಜೀವಿಗಳ ಬಿಡಾರ.

ಮೂರು ವರ್ಷದಿಂದ ನಾವು ಏಳೆಂಟು ಮಂದಿ ವಾರದ ರಜೆ ಕೂಡಿ ಬಂದಾಗ ಸೈಕಲ್ ಹಿಡಿದೋ ನಡೆದೋ ಹೊರಡುತ್ತಿದ್ದೇವೆ. ಕಂಡದ್ದನ್ನು ಬರೆದಿಡಲು ಸಂಘದ ಕಚೇರಿಯಲ್ಲಿ ಒಂದು ವಹಿ ಇಟ್ಟಿದ್ದೇವೆ. ಅದರಿಂದ ಒಂದೆರಡು ಸಂಗತಿ ಹೇಳುತ್ತೇವೆ.

ಒಂದು ಏಪ್ರಿಲ್ ತಿಂಗಳ ಬೆಳಿಗ್ಗೆ ದೇಹೂ ಗ್ರಾಮದ ಕಡೆಗೆ ಸೈಕಲ್ ಬಿಟ್ಟಿದ್ದೆವು. ಮಾಳದ ಕಾಲುದಾರಿಗೆ ಇಳಿದ ಕೂಡಲೇ ಒಂದು ಹಕ್ಕಿ ಕಿರುಚುತ್ತ ತಲೆಯ ಮೇಲೇ ಎರಗಿತು. ಒಬ್ಬರ ಟೊಪ್ಪಿ ಬಿತ್ತು. ಇಳಿದು ನೋಡಿದರೆ ಸೈಕಲ್ಲಿನ ಗಾಲಿಯಿಂದ ಒಂದು ಗೇಣು ಆಚೆ, ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ! ಹಾಲು ಹಾಕಲು ಹೋಗುತ್ತಿದ್ದ ಮರಾಠಿ ಅಣ್ಣನೊಬ್ಬ ನಿಂತು "ಟಿಟವೀ" ಎಂದ. ಆಗ ನಮಗೆ ಹೊಳೆಯಿತು, ಇದು ನಮ್ಮ ಟಿಟ್ಟಿಭ. ಪಂಚತಂತ್ರದಲ್ಲಿ ಸಮುದ್ರ ಇದರ ಮೊಟ್ಟೆಗಳನ್ನು ಕೊಚ್ಚಿಕೊಂಡು ಹೋದ ಕತೆ ನಿಮಗೆ ಗೊತ್ತಿದೆ. ಟಿಟ್ಟಿಭ ಒಂಟಿಯಾಗಿ ಅಳುತ್ತ ಕೂರಲಿಲ್ಲ. ಹಕ್ಕಿಗಳನ್ನೆಲ್ಲ ಕೂಡಿಸಿತು, ಗರುಡನವರೆಗೆ ದೂರು ಒಯ್ದಿತು, ಮೊಟ್ಟೆಗಳನ್ನು ವಾಪಸು ಪಡೆಯಿತು. ಸಂಘದ ಕತೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು? ನಾವು ಮೊಟ್ಟೆ ಮುಟ್ಟದೆ, ಸೈಕಲ್ ಎತ್ತಿಕೊಂಡು ದೂರದಿಂದ ಸುತ್ತಿ ಹೋದೆವು.

ಮಳೆಗಾಲದಲ್ಲಿ ನದಿಯ ಕಡೆಯ ಜಾಲಿ ಮರಗಳಲ್ಲಿ ಗೀಜಗದ ಗೂಡುಗಳು ತೂಗಾಡುತ್ತವೆ. ಗಿರಣಿಯ ಹಿರಿಯರು ಇದನ್ನು ಅಗತ್ಯ ನೋಡಬೇಕು. ಮಗ್ಗವಿಲ್ಲ, ಲಾಳಿಯಿಲ್ಲ. ಕೊಕ್ಕಿನಿಂದ ಹುಲ್ಲು ಸೀಳಿ, ಎಳೆ ತಂದು, ಗಂಟು ಹಾಕಿ ನೇಯುತ್ತದೆ. ನೇಯುವುದು ಗಂಡು. ಗೂಡು ಅರ್ಧವಾದಾಗ ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಯಾವ ಹೆಣ್ಣಿಗೂ ಒಪ್ಪಿಗೆಯಾಗದಿದ್ದರೆ ಅಷ್ಟು ದಿನದ ದುಡಿಮೆಯನ್ನು ಅಲ್ಲಿಗೇ ಬಿಟ್ಟು ಮತ್ತೊಂದು ಗೂಡಿಗೆ ಆರಂಭ. ಪರೇಲಿನಲ್ಲಿ ಮಗ್ಗ ನಡೆಸಿದ್ದ ನಮ್ಮ ಹಿರಿಯರೊಬ್ಬರು ಅರ್ಧ ಗಂಟೆ ನಿಂತು ನೋಡಿ, "ನಮ್ಮ ಗಿರಣಿಯಲ್ಲಿ ಬಟ್ಟೆ ತಪಾಸಣೆ ಮಾಡುವವರೂ ಇಷ್ಟು ಕಟ್ಟುನಿಟ್ಟಿನವರಾಗಿರಲಿಲ್ಲವಪ್ಪ" ಎಂದರು.

ಈ ಗೀಜಗದ ಸಂಸಾರವನ್ನು ಮೊದಲು ಸರಿಯಾಗಿ ಬಿಡಿಸಿ ಹೇಳಿದವರು ಮುಂಬಯಿಯಲ್ಲಿ 1896ರಲ್ಲಿ ಹುಟ್ಟಿದ ಸಾಲಿಂ ಅಲಿಯವರು. 1930ರಲ್ಲಿ ಅಲಿಬಾಗದ ಹತ್ತಿರದ ಕಿಹೀಮ್ ಎಂಬ ಕಡಲ ಹಳ್ಳಿಯಲ್ಲಿ ಕೂತು ತಿಂಗಳುಗಟ್ಟಲೆ ನೋಡಿ ತಿಳಿದುಕೊಂಡರು. ವಿಶ್ವವಿದ್ಯಾಲಯದ ಪದವಿ ಇಲ್ಲವೆಂದು ಅವರಿಗೆ ಸರಕಾರದ ಪ್ರಾಣಿವಿಜ್ಞಾನ ಖಾತೆಯಲ್ಲಿ ನೌಕರಿ ಸಿಕ್ಕಿರಲಿಲ್ಲ. ಅದೇ ಮನುಷ್ಯ 1941ರಲ್ಲಿ ಭಾರತದ ಹಕ್ಕಿಗಳ ಮೇಲೆ ಬರೆದ ಪುಸ್ತಕವನ್ನು ಇಂದಿಗೂ ಜನ ಓದುತ್ತಾರೆ. ಕನ್ನಡದಲ್ಲಿ ಓದುವವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಮಿಂಚುಳ್ಳಿ' ಇದೆ. ಶಾಲೆ ಅರ್ಧಕ್ಕೆ ಬಿಟ್ಟವರೆಂದು ನಾವು ತಲೆ ತಗ್ಗಿಸಬೇಕಾದ್ದಿಲ್ಲ. ಕಣ್ಣಿಗೆ ಸರ್ಟಿಫಿಕೇಟು ಬೇಡ.

ಇಷ್ಟರವರೆಗೆ ಹೇಳಿದ್ದು ಸಂತೋಷದ ಮಾತು. ಈ ನಡಿಗೆ ಯಾಕೆ ಆರಂಭವಾಯಿತು ಎಂಬುದು ಸಂತೋಷದ ಮಾತಲ್ಲ. ಅದನ್ನೂ ಹೇಳಬೇಕು.

ಆರು ವರ್ಷದ ಹಿಂದೆ ಈ ಭಾಗದ ಒಂದು ಹೊಟೇಲಿನಲ್ಲಿ, ಹೆಸರು ಬೇಡ, ನಮ್ಮ ಕಡೆಯ ಹತ್ತೊಂಬತ್ತು ವರ್ಷದ ಹುಡುಗನಿದ್ದ. ಮಲಗುವುದು ಹಿಂದಿನ ಸಾಮಾನು ಕೋಣೆಯಲ್ಲಿ, ಅಕ್ಕಿ ಮತ್ತು ಬಟಾಟೆ ಚೀಲಗಳ ಪಕ್ಕ, ನೆಲದ ಮೇಲೆ. ಒಂದು ರಾತ್ರಿ ಮೂರು ಗಂಟೆಗೆ ಎದ್ದು ಹೊಟ್ಟೆನೋವು ಎಂದ. ಗ್ಯಾಸ್ ಇರಬೇಕೆಂದು ಸೋಡಾ ಕುಡಿಸಿದೆವು. ಕಣ್ಣುರೆಪ್ಪೆ ಜೋಲುತ್ತಿತ್ತು, ನಿದ್ದೆಗಣ್ಣು ಎಂದುಕೊಂಡೆವು. ಮೈಮೇಲೆ ಗಾಯ ಯಾವುದೂ ಕಾಣಲಿಲ್ಲ. ಬೆಳಗಿನ ಆರಕ್ಕೆ ಉಗುಳು ನುಂಗಲಾಗಲಿಲ್ಲ, ಮಾತು ನಿಂತಿತು. ರಿಕ್ಷಾದಲ್ಲಿ ಹಾಕಿಕೊಂಡು ಹೊರಟೆವು. ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಉಸಿರು ಹೋಯಿತು. ಕಚ್ಚಿದ್ದು ಕಟ್ಟುಹಾವು. ಮರಾಠಿಯಲ್ಲಿ ಮಣ್ಯಾರ ಎನ್ನುತ್ತಾರೆ. ಅದು ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ. ಕಚ್ಚಿದ ಜಾಗದಲ್ಲಿ ನೋವಿಲ್ಲ, ಬಾವಿಲ್ಲ. ಗೊತ್ತಾಗುವಷ್ಟರಲ್ಲಿ ಉಸಿರಾಟದ ಸ್ನಾಯುಗಳೇ ಸೋಲುತ್ತವೆ.

ಮರುದಿನ ಸಂಜೆ ಹೊಟೇಲಿನ ಹಿತ್ತಿಲಲ್ಲಿ ಉದ್ದನೆಯ ಹಾವೊಂದು ಹರಿದು ಹೋಯಿತು. ದುಃಖ, ಸಿಟ್ಟು ಎರಡೂ ಸೇರಿ ಹತ್ತು ಮಂದಿ ಬಡಿಗೆ ಹಿಡಿದು ಅದನ್ನು ಕೊಂದೆವು. ನಮ್ಮ ಕೈಯಲ್ಲೂ ಒಂದು ಬಡಿಗೆ ಇತ್ತು, ಸುಳ್ಳು ಹೇಳುವುದಿಲ್ಲ. ಹಾವು ಹಿಡಿದು ಕಾಡಿಗೆ ಬಿಡುವ ಸ್ಥಳೀಯ ತರುಣನೊಬ್ಬ ಬಂದು ನೋಡಿ, "ಇದು ಧಾಮಣ. ಇಲಿ ತಿನ್ನಲು ಬಂದದ್ದು. ಕಳ್ಳ ಓಡಿಹೋದ, ನೀವು ಕಾವಲುಗಾರನನ್ನು ಕೊಂದಿರಿ" ಎಂದ. ಧಾಮಣ ಎಂದರೆ ನಮ್ಮ ಕೇರೆ ಹಾವು. ಊರಿನಲ್ಲಿ ಗದ್ದೆಯ ಅಂಚಿಗೆ ದಿನವೂ ಕಾಣುತ್ತಿದ್ದ, ವಿಷವಿಲ್ಲದ ಕೇರೆಯನ್ನೇ ನಾವು ಗುರುತು ಹಿಡಿಯದೆ ಹೋದೆವು. ಆ ರಾತ್ರಿ ಊಟ ಸೇರಲಿಲ್ಲ. ಹಾವನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ ಎಂಬುದು ಕೂಡ ಆಮೇಲೆ ತಿಳಿಯಿತು.

ಅಂದಿನಿಂದ ತಿಳಿದುಕೊಳ್ಳಲು ತೊಡಗಿದೆವು. ಈ ನಾಡಿನಲ್ಲಿ ಜನರನ್ನು ಹೆಚ್ಚಾಗಿ ಕೊಲ್ಲುವ ಹಾವುಗಳು ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಕೊಳಕುಮಂಡಲಕ್ಕೆ ಮರಾಠಿಯಲ್ಲಿ ಘೋಣಸ, ಗರಗಸಮಂಡಲಕ್ಕೆ ಫುರಸೆ ಎಂದು ಹೆಸರು. ಈ ನಾಲ್ಕಕ್ಕೂ ಮದ್ದು ಒಂದೇ, ಆಸ್ಪತ್ರೆಯ ಇಂಜೆಕ್ಷನ್. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕದಂತೆ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ಹೆಚ್ಚಿನವರು ಹಳ್ಳಿಯವರು. ಅಂದರೆ ನಮ್ಮ ಅಪ್ಪ, ಅಮ್ಮ, ಅಕ್ಕ, ತಮ್ಮಂದಿರು.

ಆದ್ದರಿಂದ ಇಷ್ಟನ್ನು ಮನಸ್ಸಿನಲ್ಲಿಡಿ. ಹಾವು ಕಚ್ಚಿದರೆ ಹಗ್ಗ ಬಿಗಿದು ಕಟ್ಟಬೇಡಿ. ಬ್ಲೇಡಿನಿಂದ ಕೊಯ್ಯಬೇಡಿ. ಬಾಯಿಯಿಂದ ಹೀರಬೇಡಿ. ಮಂತ್ರ ಹಾಕುವವರ ಮನೆಗೆ ಹೋಗಿ ಹೊತ್ತು ಕಳೆಯಬೇಡಿ. ಉಂಗುರ, ಕೈಗಡಿಯಾರ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಳ್ಳಿ. ಧೈರ್ಯ ಹೇಳಿ, 108ಕ್ಕೆ ಫೋನು ಮಾಡಿ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹಿಡಿದು ತರುವ ಕೆಲಸ ಬೇಡ. ರಾತ್ರಿ ಮಲಗಿದವನು ಎದ್ದು ಕಾರಣವಿಲ್ಲದೆ ಹೊಟ್ಟೆನೋವು ಎಂದರೆ, ಕಣ್ಣುರೆಪ್ಪೆ ಜೋತರೆ, ಬೆಳಗಾಗಲಿ ಎಂದು ಕಾಯಬೇಡಿ.

ಇದರ ಫಲ ಕಂಡಿದ್ದೇವೆ. ಹೋದ ವರ್ಷದ ಮಳೆಗಾಲದಲ್ಲಿ ನಮ್ಮ ಸಪ್ಲಾಯರ್ ಒಬ್ಬರು ರಾತ್ರಿ ಸೈಕಲ್ಲಿನ ಚೈನು ಬಿದ್ದು ದಾರಿಯ ಬದಿಗೆ ಕಾಲಿಟ್ಟಾಗ ಘೋಣಸ ಕಚ್ಚಿತು. ಜತೆಯಲ್ಲಿದ್ದವರು ಓಡಿಸಲಿಲ್ಲ, ಕಟ್ಟಲಿಲ್ಲ, ಕೊಯ್ಯಲಿಲ್ಲ. ಅಲ್ಲೇ ಮಲಗಿಸಿ ಗಾಡಿ ತರಿಸಿದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಅವರು ಬದುಕಿ ಬಂದರು. ಇಗೋ, ಮೂರನೆಯ ಸಾಲಿನಲ್ಲಿ ಕೂತಿದ್ದಾರೆ.

ಈಗ ಕಾರ್ಯದರ್ಶಿಗಳ ಪ್ರಶ್ನೆಗೆ ಉತ್ತರ. ಆ ಹುಡುಗನ ಸಾವಿಗೆ ಹಾವೊಂದೇ ಕಾರಣವೇ? ಹಾವು ಇಲಿ, ಹಲ್ಲಿಗಳನ್ನು ಅರಸಿ ಬಂತು. ಇಲಿ ಮುಸುರೆಗೆ, ಚೀಲಕ್ಕೆ ಬಂತು. ಹುಡುಗ ಬೇರೆ ಜಾಗವಿಲ್ಲದೆ ಆ ಚೀಲದ ಪಕ್ಕ ಮಲಗಿದ. ಮೂವರೂ ಹೊಟ್ಟೆಪಾಡಿನವರೇ. ಒಂದು ಮಂಚ, ಒಂದು ಸೊಳ್ಳೆಪರದೆ ಇದ್ದು ಅದನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿದ್ದರೆ ಅವನು ಇಂದು ಇಪ್ಪತ್ತೈದರ ತರುಣನಾಗಿ ಈ ಸಭೆಯಲ್ಲಿರುತ್ತಿದ್ದ. ಆದ್ದರಿಂದ ನಮ್ಮ ಬೇಡಿಕೆಗಳ ಪಟ್ಟಿಗೆ ಇವನ್ನು ಸೇರಿಸಬೇಕೆಂದು ಅರಿಕೆ ಮಾಡುತ್ತೇವೆ. ಹೊಟೇಲಿನಲ್ಲಿ ಮಲಗುವ ಪ್ರತಿಯೊಬ್ಬನಿಗೂ ಮಂಚ ಮತ್ತು ಸೊಳ್ಳೆಪರದೆ. ಸಾಮಾನು ಕೋಣೆ ಬೇರೆ, ಮಲಗುವ ಕೋಣೆ ಬೇರೆ. ಹಿತ್ತಿಲಿಗೆ ದೀಪ, ಮುಸುರೆ ಅಂದಂದೇ ಸಾಗಿಸುವ ವ್ಯವಸ್ಥೆ. ರಾತ್ರಿ ಮನೆಗೆ ಹೋಗುವವರಿಗೆ ಒಂದು ಟಾರ್ಚು. ವಾರಕ್ಕೊಂದು ಪೂರ್ಣ ದಿನದ ರಜೆ. ಒಬ್ಬ ಧಣಿಗಳು ಈಗಾಗಲೇ ಆರು ಮಂಚ ಹಾಕಿಸಿಕೊಟ್ಟಿದ್ದಾರೆ. ಒಬ್ಬರು ಕೊಟ್ಟದ್ದನ್ನು ಉಳಿದವರೂ ಕೊಡಬಲ್ಲರು.

ನಡೆಯುವವರಿಗೆ ಎರಡು ಎಚ್ಚರಿಕೆ. ಸೈನ್ಯದ ಬೇಲಿ ದಾಟಬೇಡಿ. ಅದರ ಹತ್ತಿರ ಮೊಬೈಲಿನಲ್ಲಿ ಚಿತ್ರ ತೆಗೆಯಬೇಡಿ, ನವಿಲು ಕುಣಿದರೂ ಸರಿಯೇ. ಜುನ್ನರ, ಖೇಡ ತಾಲೂಕುಗಳ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳಿವೆ. ಆ ಕಡೆ ಕೆಲಸಕ್ಕೆ ಹೋದವರು ಕತ್ತಲಲ್ಲಿ ಒಂಟಿಯಾಗಿ ಓಡಾಡಬೇಡಿ. ಇಬ್ಬರು ಮೂವರು ಮಾತಾಡುತ್ತ, ದೀಪ ಹಿಡಿದು ನಡೆಯಿರಿ.

ತುಕಾರಾಮರ ಬಗ್ಗೆ ದೇಹೂವಿನ ಜನ ಒಂದು ಕತೆ ಹೇಳುತ್ತಾರೆ. ಯಾರೋ ಅವರನ್ನು ಹೊಲ ಕಾಯಲು ಇಟ್ಟುಕೊಂಡಿದ್ದರಂತೆ. ಹಕ್ಕಿಗಳು ಕಾಳಿಗೆ ಬಂದಾಗ ತುಕಾರಾಮರು ಕವಣೆ ಬೀಸಲಿಲ್ಲ, ತಿನ್ನಲು ಬಿಟ್ಟರು. ಹೊಲದ ಧಣಿ ಸಿಟ್ಟಾಗಿ ಪಂಚರ ಮುಂದೆ ದೂರು ಒಯ್ದ. ಕೊನೆಗೆ ಅಳೆದು ನೋಡಿದರೆ ಬೆಳೆ ಎಂದಿಗಿಂತ ಹೆಚ್ಚೇ ಬಂದಿತ್ತಂತೆ. ಅದು ಸಂತರ ಮಹಿಮೆ. ನಮ್ಮಂಥವರಿಗೆ ಅಷ್ಟು ಸಾಧ್ಯವಿಲ್ಲ. ಕೇರೆಗೆ ಬಡಿಗೆ ಎತ್ತದಿರುವುದು, ಟಿಟ್ಟಿಭದ ಮೊಟ್ಟೆಗೆ ಗಾಲಿ ಹಾಯಿಸದಿರುವುದು ಇಷ್ಟಂತೂ ಸಾಧ್ಯ.

ಜೂನ್ ತಿಂಗಳಲ್ಲಿ ಪಾಲಖಿ ದೇಹೂವಿನಿಂದ ಪಂಢರಪುರಕ್ಕೆ ಹೊರಡುವ ಹೊತ್ತಿಗೆ ಇಲ್ಲಿ ಚಾತಕ ಕೂಗುತ್ತದೆ. ಆಫ್ರಿಕದ ಕಡೆಯಿಂದ ಕಡಲು ದಾಟಿ ಮಳೆಯ ಜತೆ ಬರುತ್ತದೆಂದು ತಿಳಿದವರು ಹೇಳುತ್ತಾರೆ. ಅದೂ ನಮ್ಮ ಹಾಗೆ ಹೊಟ್ಟೆಪಾಡಿಗೆ ದೂರದಿಂದ ಬಂದದ್ದು. ಹೋದ ವರ್ಷ ಅದರ ದನಿಯನ್ನು ಮೊದಲು ಕೇಳಿ ವಹಿಯಲ್ಲಿ ಬರೆಸಿದವನು ಪಾತ್ರೆ ತೊಳೆಯುವ ಒಬ್ಬ ಹುಡುಗ. ಈ ವರ್ಷ ಯಾರು ಮೊದಲು ಕೇಳುತ್ತೀರೋ ಬಂದು ಬರೆಸಿ. ಓದು ಬರಹ ಬಾರದವರು ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ.