ವರಾಹ ಕೊಳ್ಳಲು ಹೋದಾಗ

ಹಣ ಎಂದರೇನು ಎಂದು ಯಾರಾದರೂ ಕೇಳಿದರೆ ನಗು ಬರುತ್ತದೆ. ಆದರೆ ಇನ್ನೂರು ವರ್ಷಗಳ ಹಿಂದೆ ಈ ಮಾತಿಗೆ ಖಚಿತವಾದ ಉತ್ತರವಿತ್ತು. ಹಣ ಎಂಬುದು ಆಗ ಒಂದು ನಾಣ್ಯದ ಹೆಸರು. ಗ್ರಾಂನ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ತೂಗುವ, ಬೆರಳ ಸಂದಿಯಲ್ಲಿ ಜಾರಿದರೆ ಹುಡುಕಲು ಕಷ್ಟವಾಗುವ ಪುಟ್ಟ ಚಿನ್ನದ ಬಿಲ್ಲೆ. ಇದನ್ನು ಎಣಿಸುವುದೇ ಕಷ್ಟವೆಂದು ದಕ್ಷಿಣದ ವರ್ತಕರು ಸಣ್ಣ ಸಣ್ಣ ಗುಳಿಗಳಿದ್ದ ಮರದ ಹಲಗೆ ಇಟ್ಟುಕೊಳ್ಳುತ್ತಿದ್ದರು. ಹಿಡಿ ಹಣ ಸುರಿದು ಹಲಗೆ ಅಲುಗಿಸಿದರೆ ಗುಳಿಗೊಂದರಂತೆ ಕೂರುತ್ತಿದ್ದವು. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ನರಸಿಂಹನ ಚಿತ್ರ ಒತ್ತಿಸಿ ಹೊರಡಿಸಿದ ಕಂಠೀರಾಯಿ ಹಣ ಎಷ್ಟು ನಂಬಿಕೆ ಗಳಿಸಿತ್ತೆಂದರೆ, 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸುತ್ತಿ ಪೇಟೆಯ ಧಾರಣೆ ಬರೆದುಕೊಂಡಾಗಲೂ ಕಂಠೀರಾಯಿಯ ಲೆಕ್ಕ ಬಳಕೆಯಲ್ಲಿತ್ತು. ಅಂಥ ಹತ್ತು ಹಣಕ್ಕೆ ಒಂದು ವರಾಹ. ಚಾಲುಕ್ಯರ ಲಾಂಛನವಾದ ಹಂದಿಯಿಂದ ಬಂದ ಹೆಸರದು. ಶಾಸನಗಳಲ್ಲಿ ಕಾಣುವ ಗದ್ಯಾಣ ಇನ್ನೂ ಹಳೆಯದು. ಹೊನ್ನು ಎಂದರಂತೂ ಲೋಹವೂ ಹೌದು, ನಾಣ್ಯವೂ ಹೌದು. ಬಾಯಲ್ಲಿ ಉಳಿದ ಈ ಮಾತುಗಳನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬ ಆಸೆಯೇ ನನ್ನನ್ನು ನಾಣ್ಯ ಸಂಗ್ರಹಕ್ಕೆ ಎಳೆದದ್ದು.

ನಾಣ್ಯ ಪ್ರದರ್ಶನವನ್ನು ನೋಡದವರಿಗೆ ಅದರ ಚಿತ್ರ ಕೊಡಬೇಕು. ಪ್ರದರ್ಶನವೆಂದು ಹೆಸರು, ಒಳಗೆ ನಡೆಯುವುದು ಬಹುಮಟ್ಟಿಗೆ ಸಂತೆ. ಒಂದು ದೊಡ್ಡ ಸಭಾಂಗಣ, ಸಾಲಾಗಿ ಮೇಜುಗಳು. ಮುಂಬಯಿ, ಕೋಲ್ಕತ್ತ, ಹೈದರಾಬಾದು, ಚೆನ್ನೈಗಳಿಂದ ಬಂದ ವ್ಯಾಪಾರಿಗಳು ಗಾಜಿನ ಮುಚ್ಚಳದ ಪೆಟ್ಟಿಗೆಗಳನ್ನು ಹರಡಿಕೊಂಡು ಕೂತಿರುತ್ತಾರೆ. ಬಾಗಿಲ ಬಳಿಯೇ ಜನಸಂದಣಿ. ಅಲ್ಲಿ 786 ಸಂಖ್ಯೆಯ ನೋಟುಗಳು, ತಪ್ಪಾಗಿ ಅಚ್ಚಾದ ನೋಟುಗಳು, ಶಾಲೆಯ ಹುಡುಗರು ಕಿಲೋ ಲೆಕ್ಕದಲ್ಲಿ ಕೆದಕುವ ವಿದೇಶಿ ಚಿಲ್ಲರೆ. ಚಿನ್ನದ ಮೇಜುಗಳು ಒಳಗೆ, ಗೋಡೆಯ ಪಕ್ಕಕ್ಕೆ. ಅಲ್ಲಿ ಮಾತು ಕಡಿಮೆ, ಭೂತಕನ್ನಡಿ ಹೆಚ್ಚು.

ಬೆಂಗಳೂರಿನ ಅಂಥದೊಂದು ಪ್ರದರ್ಶನಕ್ಕೆ ನಾನು ಹೋದದ್ದು ಒಂದೇ ನಾಣ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ಹೊರಡಿಸಿದ ಚಿನ್ನದ ನಾಣ್ಯ. ಒಂದು ಮುಖದಲ್ಲಿ ಸಿಂಹ, ಇನ್ನೊಂದು ಮುಖದಲ್ಲಿ ಮೂರು ಸಾಲುಗಳಲ್ಲಿ ಕನ್ನಡ ಅಕ್ಷರ: ಶ್ರೀ ತಲಕಾಡುಗೊಂಡ. ತೂಕ ಸುಮಾರು 4 ಗ್ರಾಂ. ವಿಜಯನಗರದವರ ನಾಣ್ಯಗಳಲ್ಲಿ ನಾಗರಿ ಬರಹವೇ ಹೆಚ್ಚು. ಆದರೆ ಇದು ಒಂದು ಯುದ್ಧದ ಸುದ್ದಿಯನ್ನು ಕನ್ನಡದಲ್ಲೇ ಜನರ ಕೈಗೆ ಹಂಚಿದ ನಾಣ್ಯ. ಆ ಕಾಲದ ಸುದ್ದಿ ಪ್ರಸಾರವೆಂದರೂ ಸರಿಯೆ. ನನ್ನ ವೃತ್ತಿಯವರಿಗೆ ಅದರ ಮೇಲೆ ಮೋಹ ಬಂದರೆ ಆಶ್ಚರ್ಯವಿಲ್ಲ. ಎರಡು ವರ್ಷ ಕೂಡಿಟ್ಟ ದುಡ್ಡು ಜೇಬಿನಲ್ಲಿತ್ತು.

ನಾಲ್ಕನೆಯ ಮೇಜಿನಲ್ಲಿ ಅದು ಸಿಕ್ಕಿತು. ವ್ಯಾಪಾರಿ ಮೂವತ್ತರ ಯುವಕ, ಚುರುಕಾದವನು. ಬೆಲೆ ಆ ದಿನದ ಚಿನ್ನದ ದರಕ್ಕೆ ಎಷ್ಟೋ ಪಟ್ಟು. ಅದು ನ್ಯಾಯವೇ. ನಾನು ಬಿ.ಎಸ್ಸಿ. ಓದಿದವನು, ಮೊದಲು ತೂಗಿ ನೋಡುವುದು ಅಭ್ಯಾಸ. ಆತನನ್ನು ಕೇಳಿ, ಆತನದೇ ಮಿಲಿಗ್ರಾಂ ತಕ್ಕಡಿಯಲ್ಲಿ ತೂಗಿದೆ. 3.98 ಗ್ರಾಂ. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯಕ್ಕೆ ದಾರ ಕಟ್ಟಿ ತಳ ಮುಟ್ಟದಂತೆ ನೀರಿನಲ್ಲಿ ಮುಳುಗಿಸಿದೆ. ತಕ್ಕಡಿ 0.22 ತೋರಿಸಿತು. ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ ಅದು. 3.98ನ್ನು 0.22ರಿಂದ ಭಾಗಿಸಿದರೆ ಸುಮಾರು 18. ಶುದ್ಧ ಚಿನ್ನಕ್ಕೆ 19.3, ಬೆಳ್ಳಿಗೆ 10.5, ತಾಮ್ರಕ್ಕೆ 9ರ ಹತ್ತಿರ. ಅಂದರೆ ಇದು ಒಳ್ಳೆಯ ಚಿನ್ನವೇ. ಆರ್ಕಿಮಿಡೀಸನ ಉಪಾಯ ಇವತ್ತಿಗೂ ಪ್ಲಾಸ್ಟಿಕ್ ಲೋಟದಲ್ಲಿ ನಡೆಯುತ್ತದೆ.

ಚಿನ್ನವೆಂದು ಗೊತ್ತಾಯಿತು. ವಿಷ್ಣುವರ್ಧನನ ಕಾಲದ್ದೆಂದು ಗೊತ್ತಾಯಿತೆ? ಇಲ್ಲ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎನ್ನುತ್ತೇವೆ. ಇಲ್ಲಿ ಪೇಚು ಏನೆಂದರೆ, ಹಾಲು ಹಾಲೇ, ಯಾವ ಹಸುವಿನದು ಎಂಬುದೇ ಪ್ರಶ್ನೆ. ತಾಮ್ರದ ನಾಣ್ಯ ನೆಲದಲ್ಲಿ ಹುದುಗಿದ್ದರೆ ಹಸಿರು ಹಿಡಿಯುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಅವುಗಳ ಮೈಮೇಲೆ ಕಾಲ ಗುರುತು ಬಿಡುತ್ತದೆ. ಚಿನ್ನ ಗಾಳಿಗೂ ಬಗ್ಗದು, ನೀರಿಗೂ ಬಗ್ಗದು. ಒಂಬೈನೂರು ವರ್ಷ ಮಣ್ಣಿನಲ್ಲಿದ್ದು ಎದ್ದು ಬಂದರೂ ನಿನ್ನೆ ಮಾಡಿದಂತಿರುತ್ತದೆ. ಜಗತ್ತು ಚಿನ್ನವನ್ನು ಮೆಚ್ಚಿದ್ದು ಈ ಗುಣಕ್ಕೇ. ನಕಲು ಮಾಡುವವನಿಗೆ ಅನುಕೂಲವಾದದ್ದೂ ಇದೇ. ಹಳೆಯ ಬಳೆಯೊಂದನ್ನು ಕರಗಿಸಿ ತಲಕಾಡುಗೊಂಡ ಮಾಡಿದರೆ ಅವನಿಗೆ ಲೋಹದ ಖರ್ಚು ಲೆಕ್ಕಕ್ಕಿಲ್ಲ. ಲಾಭವೆಲ್ಲ ಇರುವುದು ಹೆಸರಿನಲ್ಲಿ. ಆದ್ದರಿಂದ ಅಪರೂಪದ ನಾಣ್ಯದ ವಿಷಯದಲ್ಲಿ ಅಕ್ಕಸಾಲಿಗನ ಒರೆಗಲ್ಲು ಹೇಳುವುದು ಬಹಳ ಸ್ವಲ್ಪ. ಜೊತೆಗೆ ಒರೆ ಹಚ್ಚಿದರೆ ನಾಣ್ಯದ ಅಂಚು ಸವೆಯುತ್ತದೆ, ಅದು ಬೇರೆ ನಷ್ಟ.

ಸ್ವಲ್ಪ ಯೋಚಿಸಿ ಬರುತ್ತೇನೆಂದು ಹೇಳಿ ಮುಂದೆ ಹೋದೆ. ಕೊನೆಯ ಸಾಲಿನಲ್ಲಿ ಹಿರಿಯರೊಬ್ಬರ ಮೇಜು. ಅವರ ಪೆಟ್ಟಿಗೆಯಲ್ಲಿಯೂ ಒಂದು ತಲಕಾಡುಗೊಂಡ! ಭೂತಕನ್ನಡಿ ಹಿಡಿದೆ. ಸಿಂಹದ ಬಾಲದ ನೇರಕ್ಕೆ, ಅಂಚಿನಲ್ಲಿ, ಅಕ್ಕಿಕಾಳಿನ ತುದಿಯಷ್ಟು ಒಂದು ಸೀಳು. ಹಿಂಬದಿಯಲ್ಲಿ ಕೊನೆಯ ಅಕ್ಷರ ಅರ್ಧ ಮಾತ್ರ ಮೂಡಿತ್ತು. ಎದೆ ಧಸಕ್ಕೆಂದಿತು. ನಾಲ್ಕನೆಯ ಮೇಜಿನಲ್ಲಿ ನೋಡಿದ್ದಕ್ಕೂ ಅದೇ ಜಾಗದಲ್ಲಿ ಅದೇ ಸೀಳು, ಅದೇ ಅರ್ಧ ಅಕ್ಷರ. ಹಿಂದಕ್ಕೆ ಹೋಗಿ ಮತ್ತೆ ನೋಡಿ ಬಂದೆ. ಸಂಶಯವಿರಲಿಲ್ಲ.

ಯುವಕನಿಗೆ ಹೇಳಿದಾಗ ಆತ, "ಅಚ್ಚು ಒಂದೇ ಆದಮೇಲೆ ನಾಣ್ಯ ಒಂದೇ ಥರ ಇರೋಲ್ವಾ ಸಾರ್?" ಎಂದ. ಜಾಣ ಪ್ರಶ್ನೆ. ಉತ್ತರ ಕೊಡಬೇಕಾದದ್ದೇ. ಆಗಿನ ನಾಣ್ಯಗಳನ್ನು ಕೈಯಿಂದ ಒತ್ತುತ್ತಿದ್ದರು. ಕೆಳಗೊಂದು ಅಚ್ಚು, ಅದರ ಮೇಲೆ ತೂಕ ಮಾಡಿದ ಚಿನ್ನದ ಬಿಲ್ಲೆ, ಮೇಲೊಂದು ಅಚ್ಚು, ಆಮೇಲೆ ಸುತ್ತಿಗೆಯ ಏಟು. ಒಂದೇ ಅಚ್ಚಿನಿಂದ ಬಂದ ನಾಣ್ಯಗಳಲ್ಲಿ ಸಿಂಹ ಒಂದೇ ಇರುತ್ತದೆ, ನಿಜ. ಆದರೆ ಬಿಲ್ಲೆ ಪ್ರತಿ ಸಲವೂ ಬೇರೆ. ಅದನ್ನು ಇಡುವ ಕೈ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಸರಿಯುತ್ತದೆ, ಏಟಿನ ಬಲ ಬದಲಾಗುತ್ತದೆ. ಹೀಗಾಗಿ ಒಂದರಲ್ಲಿ ಅಕ್ಷರ ಈ ಕಡೆ ತುಂಡಾದರೆ ಇನ್ನೊಂದರಲ್ಲಿ ಆ ಕಡೆ. ಅಂಚಿನ ಸೀಳಂತೂ ಏಟು ಬಿದ್ದಾಗ ಆ ಒಂದು ಬಿಲ್ಲೆಗೆ ಮಾತ್ರ ಆಗುವ ಗಾಯ. ಇಬ್ಬರ ಮೈಮೇಲೆ ಒಂದೇ ಮಚ್ಚೆಯಿರಬಹುದು, ಬಿದ್ದು ಆದ ಗಾಯದ ಕಲೆ ಒಂದೇ ಅಳತೆಯಲ್ಲಿ ಒಂದೇ ಜಾಗದಲ್ಲಿ ಇರುತ್ತದೆಯೆ? ಯಾವುದೋ ಒಂದು ನಾಣ್ಯದಿಂದ ಪಡಿಯಚ್ಚು ತೆಗೆದು ಹಲವು ಮಾಡಿದ್ದಾರೆ, ಗಾಯದ ಸಮೇತ. ಯುವಕ ವಾದ ಮಾಡಲಿಲ್ಲ, ಒಪ್ಪಲೂ ಇಲ್ಲ. ಸಂಜೆ ನೋಡಿದಾಗ ಅದು ಅವನ ಪೆಟ್ಟಿಗೆಯಲ್ಲಿರಲಿಲ್ಲ. ತೆಗೆದಿಟ್ಟನೋ, ಮಾರಿದನೋ?

ಹಿರಿಯರ ಪ್ರತಿಕ್ರಿಯೆ ಬೇರೆ. ನನ್ನ ಜೊತೆ ಎದ್ದು ಬಂದು ಎರಡನ್ನೂ ತಾವೇ ನೋಡಿದರು. ತಮ್ಮ ಮೇಜಿಗೆ ಮರಳಿ ಬಹಳ ಹೊತ್ತು ಸುಮ್ಮನೆ ಕೂತರು. "ನಾನೂ ನಂಬಿಯೇ ದುಡ್ಡು ಕೊಟ್ಟಿದ್ದು ಸಾರ್. ಈಗ ಏನ್ ಮಾಡ್ಲಿ ಹೇಳಿ. ಕರಗಿಸಿದ್ರೆ ನಾಲ್ಕು ಗ್ರಾಂ ಚಿನ್ನ. ಹಾಗೇ ಮಾರಿದ್ರೆ ತಲಕಾಡು."

"ಕೊಟ್ಟವರ ರಸೀತಿ ಇದೆಯಾ ಯಜಮಾನ್ರೆ?" ಎಂದೆ.

"ಇಪ್ಪತ್ತು ವರ್ಷದ ಪರಿಚಯ. ರಸೀತಿ ಕೇಳೋಕಾಗುತ್ತಾ?"

ಅವರು ಆ ನಾಣ್ಯವನ್ನು ಕಾಗದದಲ್ಲಿ ಸುತ್ತಿ ಒಳಜೇಬಿಗೆ ಹಾಕಿಕೊಂಡರು. ಆ ದಿನ ಅದನ್ನು ಯಾರಿಗೂ ತೋರಿಸಲಿಲ್ಲ. ಅವರಿಗೆ ಆದ ನಷ್ಟ ನನ್ನ ಎರಡು ವರ್ಷದ ಉಳಿತಾಯಕ್ಕಿಂತ ಕಡಿಮೆಯೇನಲ್ಲ.

ನಕಲುಗಾರನ ಅಜ್ಞಾನವೇ ಅವನನ್ನು ಹಿಡಿದುಕೊಡುವ ಸಂದರ್ಭಗಳೂ ಉಂಟು. ಟೀಪು ಸುಲ್ತಾನ 1787ರಿಂದ ಮೌಲೂದಿ ಎಂಬ ಹೊಸ ಶಕೆಯನ್ನು ನಾಣ್ಯಗಳ ಮೇಲೆ ಬಳಸಿದಾಗ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಇದು ತಿಳಿಯದವನು ಎಂದಿನಂತೆ ಎಡದಿಂದ ಬಲಕ್ಕೆ ಕೊರೆದರೆ ಅಲ್ಲೇ ಸಿಕ್ಕಿಬೀಳುತ್ತಾನೆ. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಕುರಿತು 1975ರಲ್ಲಿ ಪ್ರಕಟಿಸಿದಂಥ ಗ್ರಂಥಗಳನ್ನು ಮೊದಲು ಓದಿ ಆಮೇಲೆ ಮೇಜಿನ ಮುಂದೆ ನಿಲ್ಲುವುದು ಲೇಸು. ಪುಸ್ತಕಕ್ಕೆ ಕೊಡುವ ದುಡ್ಡು ನಾಣ್ಯಕ್ಕೆ ಕೊಡುವ ದುಡ್ಡನ್ನು ಕಾಯುತ್ತದೆ.

ಕಡೆಗೆ ನಾನು ಕೊಂಡದ್ದು ಆ ಹಿರಿಯರಿಂದಲೇ, ಮುಮ್ಮಡಿ ಕೃಷ್ಣರಾಜ ಒಡೆಯರ ಒಂದು ವರಾಹ. 3.4 ಗ್ರಾಂ. ಒಂದು ಕಡೆ ಶಿವ ಪಾರ್ವತಿಯರು, ಇನ್ನೊಂದು ಕಡೆ ನಾಗರಿಯಲ್ಲಿ ಶ್ರೀ ಕೃಷ್ಣರಾಜ. ಅಪರೂಪವೇನಲ್ಲ. ಆದರೆ ಆ ಶಿವ ಪಾರ್ವತಿಯರ ಕಥೆ ದೊಡ್ಡದು. ಇಕ್ಕೇರಿಯ ಸದಾಶಿವ ನಾಯಕನ ವರಾಹದಲ್ಲಿದ್ದ ಚಿತ್ರವದು. ಹೈದರಾಲಿ ಬಿದನೂರನ್ನು ಗೆದ್ದ ಮೇಲೂ ಅದನ್ನು ತೆಗೆಸಲಿಲ್ಲ, ಹಿಂಬದಿಗೆ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರವನ್ನಷ್ಟೇ ಹಾಕಿಸಿದ. ಪೇಟೆಯ ಚಿನಿವಾರರು ನಂಬಿದ ಚಿತ್ರವನ್ನು ಬದಲಿಸುವುದು ಯಾವ ದೊರೆಗೂ ಸುಲಭವಲ್ಲ. ಅದೇ ಚಿತ್ರ ಒಡೆಯರ ಕಾಲಕ್ಕೂ ಮುಂದುವರಿಯಿತು.

ನನ್ನ ವರಾಹ ಅಗ್ಗಕ್ಕೆ ಸಿಕ್ಕಿದ್ದಕ್ಕೆ ಕಾರಣವಿದೆ. ಅದರ ನೆತ್ತಿಯ ಮೇಲೆ ಬೆಸುಗೆಯ ಕಲೆ. ಯಾರದೋ ಕಾಸಿನ ಸರದಲ್ಲಿ ಕುಣಿಕೆ ಹಾಕಿಸಿಕೊಂಡು ತೂಗಿದ ನಾಣ್ಯ. ಸಂಗ್ರಾಹಕರು ಇಂಥದನ್ನು ಕಂಡರೆ ಮುಖ ಸಿಂಡರಿಸುತ್ತಾರೆ, ಬೆಲೆ ಬಹಳ ಇಳಿಯುತ್ತದೆ. ನನಗೇನೋ ಹಾಗನ್ನಿಸುವುದಿಲ್ಲ. ಕೊರಳಿಗೇರಿದ್ದರಿಂದಲೇ ಅದು ಮೂಸೆಗೆ ಹೋಗದೆ ಉಳಿಯಿತು. ಚಿನ್ನದ ದರ ಏರಿದಾಗಲೆಲ್ಲ ಹಳೆಯ ಸರಗಳು ಅಂಗಡಿಗೆ ಬರುತ್ತವೆ, ತೂಕವಾಗುತ್ತವೆ, ಕರಗುತ್ತವೆ. ನಕಲು ಹುಟ್ಟುವ ಮೂಸೆಯೂ ಅಸಲು ಸಾಯುವ ಮೂಸೆಯೂ ಒಂದೇ ಬೀದಿಯಲ್ಲಿರಬಹುದು.

ಆದ್ದರಿಂದ ಮನೆಯಲ್ಲಿ ಅಜ್ಜಿಯ ಕಾಸಿನ ಸರವಿದ್ದರೆ ಬದಲಾಯಿಸುವ ಮುಂಚೆ ಒಮ್ಮೆ ಭೂತಕನ್ನಡಿ ಹಿಡಿದು ನೋಡಿ. ಸವರನ್ ಆಗಿದ್ದು ಇಸವಿ 1918 ಇದ್ದರೆ, ಇಸವಿಯ ಮೇಲಿನ ಗೆರೆಯಲ್ಲಿ ಇಂಗ್ಲಿಷಿನ ಐ ಅಕ್ಷರ ಉಂಟೇ ಎಂದು ಹುಡುಕಿ. ಉಂಟಾದರೆ ಅದು ಮುಂಬಯಿಯಲ್ಲಿ ಒತ್ತಿದ್ದು. ಅಲ್ಲಿ ಸವರನ್ ಮಾಡಿದ್ದು ಆ ಇಸವಿಯೊಂದಕ್ಕೆ ಮಾತ್ರ. ಅದೇ ವರ್ಷ ಅಲ್ಲಿಯೇ 15 ರೂಪಾಯಿಯ ಚಿನ್ನದ ನಾಣ್ಯವನ್ನೂ ಮಾಡಿದರು. ಎರಡೂ 7.988 ಗ್ರಾಂ, ಎರಡೂ 22 ಕ್ಯಾರೆಟ್. ಅಕ್ಕಸಾಲಿಗನ ತಕ್ಕಡಿಗೆ ಎರಡೂ ಒಂದೇ, ಸಂಗ್ರಾಹಕನಿಗಲ್ಲ. ಹಳೆಯ ನಾಣ್ಯವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಹೊಳಪಿಗಾಗಿ ಅಕ್ಷರ ಸವೆದುಹೋಗುತ್ತದೆ.

ಕೊಳ್ಳುವವರು ತಿಳಿದಿರಬೇಕಾದ ಕಾಯಿದೆಯೂ ಒಂದುಂಟು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ವಿದೇಶದಲ್ಲಿರುವ ಮಗಳಿಗೆ ಉಡುಗೊರೆಯೆಂದು ವರಾಹ ಕಳಿಸಹೊರಟರೆ ವಿಮಾನ ನಿಲ್ದಾಣದಲ್ಲಿ ತೊಂದರೆ ತಪ್ಪದು. ಹೊಲದಲ್ಲಿ ನಿಧಿ ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ.

ಆ ಹಿರಿಯರು ನನ್ನ ವರಾಹಕ್ಕೆ ಬಿಲ್ಲು ಬರೆದರು. ನಾಣ್ಯದ ಹೆಸರು, ತೂಕ, ಬೆಸುಗೆಯ ಕಲೆ ಎಲ್ಲವನ್ನೂ ನಮೂದಿಸಿ, ಅಸಲಲ್ಲವೆಂದು ಸಾಬೀತಾದರೆ ಹಣ ವಾಪಸು ಎಂದು ನಾನು ಕೇಳುವ ಮೊದಲೇ ಕೆಳಗೆ ಬರೆದು ರುಜು ಹಾಕಿದರು. "ಇವತ್ತಿಂದ ಎಲ್ಲರಿಗೂ ಹೀಗೇ ಬರೀತೀನಿ ಸಾರ್. ನನಗೆ ಕೊಡೋರ ಹತ್ರಾನೂ ಬರೆಸ್ಕೋತೀನಿ," ಎಂದರು. ತಲಕಾಡನ್ನು ಕರಗಿಸಿದರೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.