ಆಟ ಮುಗಿದ ಮೇಲಿನ ಕೆಲಸ

ಕೂಟದ ಪದಾಧಿಕಾರಿಗಳೇ, ಒಳಗೆ ಇನ್ನೂ ಬಿಸಿಬೇಳೆಬಾತ್ ಕಲಸುತ್ತಿರುವ ಸ್ವಯಂಸೇವಕರೇ, ಶಿಕಾಗೋದಿಂದಲೂ ನಮ್ಮ ಡೆಟ್ರಾಯಿಟ್ ಕಡೆಯಿಂದಲೂ ಈ ಡೆವನ್ ಅವೆನ್ಯೂಗೆ ಬಂದು ಸೇರಿರುವ ಕನ್ನಡ ಬಂಧುಗಳೇ,

‘ಉದ್ಯೋಗ ಮತ್ತು ನಂತರ’ ಎಂಬ ವಿಷಯ ಕೊಟ್ಟು ನನ್ನನ್ನು ಕರೆದಿರಿ. ಬ್ಯಾಸ್ಕೆಟ್‌ಬಾಲ್ ಆಟಗಾರರ ಬಗ್ಗೆ ಮಾತಾಡುತ್ತೇನೆ ಎಂದಾಗ ಅಧ್ಯಕ್ಷರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ಕಾರಣ ಹೇಳಿದ ಮೇಲೆ ಒಪ್ಪಿದರು. ಎನ್‌ಬಿಎ ಆಟಗಾರನೊಬ್ಬನ ವೃತ್ತಿ ಸರಾಸರಿ ನಾಲ್ಕೈದು ವರ್ಷ. ನಮ್ಮ ಎಚ್-1ಬಿ ಸಾಮಾನ್ಯವಾಗಿ ಆರು ವರ್ಷ. ಕೆಲಸ ಹೋದರೆ ಬೇರೆ ದಾರಿ ಹುಡುಕಲು ಹೆಚ್ಚೆಂದರೆ 60 ದಿನ. ಹಾಗಾಗಿ ‘ಮುಂದೇನು’ ಎಂಬ ಪ್ರಶ್ನೆಯಲ್ಲಿ ಅವರು ನಮಗಿಂತ ಸೀನಿಯರ್‌ಗಳು.

ನಾನು ವಾಹನ ಬಿಡಿಭಾಗಗಳ ಗುಣಮಟ್ಟ ನೋಡುವ ಎಂಜಿನಿಯರ್. ಐವತ್ತೆರಡನೇ ವಯಸ್ಸಿನಲ್ಲಿ ಕೆಲಸ ಹೋಯಿತು. ಕಂಪನಿಯ ಹೆಸರು ಬೇಡ. ಆ ವಾರ ಊರಿಂದ ಫೋನ್ ಮಾಡಿದ ಅಮ್ಮ ಎಂದಿನಂತೆ ‘ಆಫೀಸು ಹೇಗಿದೆಯಪ್ಪ’ ಎಂದು ಕೇಳಿದರು. ‘ಚೆನ್ನಾಗಿದೆ’ ಅಂದೆ. ಈ ಸಭೆಯಲ್ಲೂ ಹಾಗೆ ಉತ್ತರ ಕೊಟ್ಟವರು ಇದ್ದಾರೆ ಎಂದು ನನಗೆ ಗೊತ್ತು. ಮನೆಯಲ್ಲಿ ಕೂತ ಆ ತಿಂಗಳುಗಳಲ್ಲೇ ಡೇವ್ ಬಿಂಗ್ ಅವರ ಕಥೆ ಓದಿದ್ದು.

ಬಿಂಗ್ 1966ರಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ತಂಡಕ್ಕೆ ಬಂದರು. ಬಾಲ್ಯದಲ್ಲಿ ಮೊಳೆ ಚುಚ್ಚಿ ಎಡಗಣ್ಣಿನ ದೃಷ್ಟಿ ಮಂದವಾಗಿತ್ತು, ಆದರೂ ಎರಡನೇ ವರ್ಷವೇ ಇಡೀ ಲೀಗಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದರು. ನನಗೆ ಮುಖ್ಯವೆನಿಸಿದ್ದು ಇದಲ್ಲ. ಆಟದ ಋತು ಮುಗಿದ ಮೇಲೆ ಈ ತಾರೆ ಡೆಟ್ರಾಯಿಟ್‌ನ ಒಂದು ಬ್ಯಾಂಕಿಗೆ ಕೆಲಸಕ್ಕೆ ಹೋಗುತ್ತಿದ್ದರು. 1978ರಲ್ಲಿ ನಿವೃತ್ತರಾದ ಮೇಲೆ ಉಕ್ಕಿನ ಕಂಪನಿಯೊಂದಕ್ಕೆ ತರಬೇತಿಗೆ ಸೇರಿ, ಎರಡು ವರ್ಷ ಆ ವ್ಯಾಪಾರ ಕಲಿತರು. ಊರೆಲ್ಲ ಗುರುತು ಹಿಡಿಯುವ ಮುಖ ಇಟ್ಟುಕೊಂಡು, ಮೂವತ್ತೈದರ ಆಸುಪಾಸಿನಲ್ಲಿ ಟ್ರೇನಿ! ನಮ್ಮಲ್ಲಿ ‘ಸೀನಿಯರ್’ ಎಂಬ ಪದ ಲಿಂಕ್ಡ್‌ಇನ್‌ನಿಂದ ಬಿಟ್ಟುಹೋದರೆ ನಿದ್ದೆ ಬರುವುದಿಲ್ಲ.

1980ರಲ್ಲಿ ನಾಲ್ಕೇ ಜನ ನೌಕರರೊಡನೆ, ಬಾಡಿಗೆ ಗೋದಾಮಿನಲ್ಲಿ ಬಿಂಗ್ ಸ್ಟೀಲ್ ಶುರುವಾಯಿತು. ಎರಡೂವರೆ ಲಕ್ಷ ಡಾಲರ್ ಸಾಲ, ಕೈಯಿಂದ ಎಂಬತ್ತು ಸಾವಿರ. ಆರು ತಿಂಗಳಲ್ಲಿ ಕೈಗಂಟು ಕರಗಿತು. ಆಗ ತಾವೇ ಉಕ್ಕು ತಯಾರಿಸುವ ಯೋಚನೆ ಬಿಟ್ಟು, ಬೇರೆಯವರ ಉಕ್ಕನ್ನು ಕೊಂಡು ಬೇಕಾದವರಿಗೆ ಒದಗಿಸುವ ಮಧ್ಯವರ್ತಿಯಾದರು. ಜನರಲ್ ಮೋಟರ್ಸ್ ಮೊದಲ ದೊಡ್ಡ ಗಿರಾಕಿಯಾಯಿತು, ಎರಡನೇ ವರ್ಷಕ್ಕೆ ಲಾಭ ಬಂತು. ಮುಂದೆ 2009ರಲ್ಲಿ ಅವರು ಡೆಟ್ರಾಯಿಟ್‌ನ ಮೇಯರ್ ಆದದ್ದು, 2013ರಲ್ಲಿ ಅವರ ಅವಧಿಯಲ್ಲೇ ನಗರ ದಿವಾಳಿ ಅರ್ಜಿ ಹಾಕಿದ್ದು ನಮ್ಮ ಕಡೆಯವರಿಗೆಲ್ಲ ನೆನಪಿದೆ. ಆ ಹೊಣೆ ಎಷ್ಟು ಅವರದು, ಎಷ್ಟು ಹಿಂದಿನವರದು ಎಂಬ ಜಗಳ ಇವತ್ತು ಬೇಡ. ನನ್ನ ಲೆಕ್ಕದಲ್ಲಿ ಮೇಯರ್ ಬಿಂಗ್‌ಗಿಂತ ಟ್ರೇನಿ ಬಿಂಗ್ ದೊಡ್ಡವರು.

ಅದೇ ತಂಡದ ವಿನ್ನಿ ಜಾನ್ಸನ್ 1990ರ ಫೈನಲ್ಸ್‌ನಲ್ಲಿ 0.7 ಸೆಕೆಂಡ್ ಉಳಿದಿದ್ದಾಗ ಗೆಲುವಿನ ಬುಟ್ಟಿ ಹಾಕಿದವರು. 1995ರಲ್ಲಿ ಪ್ಯಾಕೇಜಿಂಗ್ ಕಂಪನಿ ತೆರೆದರು. ಪಿಸ್ಟನ್ ಆಟೋಮೋಟಿವ್ ಎಂಬ ಹೆಸರನ್ನು ಕೆಲಸದ ಮೇಲೆ ಕೇಳಿದವರು ನಿಮ್ಮಲ್ಲೇ ಇರಬಹುದು, ಅದು ಅವರದೇ.

ಇನ್ನು ಶಿಕಾಗೋ ಕಡೆಗೆ. ಇಲ್ಲಿಂದ ದಕ್ಷಿಣಕ್ಕೆ, ಗಡಿ ದಾಟಿದರೆ ಸಿಗುವ ಇಂಡಿಯಾನಾದ ಈಸ್ಟ್ ಶಿಕಾಗೋ, ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿ ಹುಟ್ಟಿದವರು ಜೂನಿಯರ್ ಬ್ರಿಡ್ಜ್‌ಮನ್. ಹನ್ನೆರಡು ವರ್ಷ ಆಡಿದರು, ಬಹುಪಾಲು ಬೆಂಚಿನಿಂದ ಎದ್ದು ಬಂದು. ಒಂದು ವರ್ಷಕ್ಕೆ ಸಿಕ್ಕ ಅತಿ ಹೆಚ್ಚಿನ ಸಂಬಳ ಮೂರೂವರೆ ಲಕ್ಷ ಡಾಲರ್. ಆಮೇಲೆ ವೆಂಡೀಸ್ ಹೋಟೆಲುಗಳನ್ನು ಕೊಂಡು, ಖುದ್ದು ಕೌಂಟರಿನ ಹಿಂದೆ ನಿಂತು ಕೆಲಸ ಕಲಿತರು. ಕೊನೆಗೆ ನೂರೈವತ್ತಕ್ಕೂ ಹೆಚ್ಚು ವೆಂಡೀಸ್, ನೂರಕ್ಕೂ ಹೆಚ್ಚು ಚಿಲೀಸ್ ಅವರ ಕೈಯಲ್ಲಿದ್ದವು. ಶಿಕಾಗೋದಲ್ಲೇ ಹುಟ್ಟಿ ದಿವಾಳಿಯಾಗಿದ್ದ ‘ಎಬೊನಿ’ ಪತ್ರಿಕೆಯನ್ನು 2020ರಲ್ಲಿ ಕೊಂಡರು. 2025ರ ಮಾರ್ಚ್‌ನಲ್ಲಿ ತೀರಿಕೊಂಡರು.

ಇದೇ ಶಿಕಾಗೋದ ಆಂಟ್ವಾನ್ ವಾಕರ್ ಆಟದಿಂದಲೇ ನೂರು ಮಿಲಿಯನ್ ಡಾಲರಿಗೂ ಹೆಚ್ಚು ಗಳಿಸಿ 2010ರಲ್ಲಿ ದಿವಾಳಿ ಅರ್ಜಿ ಹಾಕಿದರು. ಮನೆ, ಜಮೀನು ವ್ಯವಹಾರಕ್ಕೆ ಸ್ವಂತ ಜಾಮೀನು ನಿಂತದ್ದೂ ಮುಳುವಾಯಿತು. ಈಗ ಎಳೆಯ ಆಟಗಾರರಿಗೆ ಹಣದ ಪಾಠ ಹೇಳುತ್ತಾರೆ. ‘ಸಂಬಳ ಸಾಲದು’ ಎನ್ನುವ ನಮ್ಮ ಹುಡುಗರು ಬ್ರಿಡ್ಜ್‌ಮನ್ ಮತ್ತು ವಾಕರ್ ಹೆಸರನ್ನು ಒಟ್ಟಿಗೆ ಓದಲಿ.

ಆದರೆ ಎಲ್ಲರೂ ಉಕ್ಕಿನ ಕಂಪನಿ ತೆರೆಯಲಾರರು. ಆದ್ದರಿಂದ ಕೊನೆಯ ಸಂಗತಿಗೆ ಹೆಚ್ಚು ತೂಕ ಕೊಡುತ್ತೇನೆ. 1992ರಲ್ಲಿ ಬಿಂಗ್, ಆಸ್ಕರ್ ರಾಬರ್ಟ್‌ಸನ್ ಮುಂತಾದ ಐವರು ಸೇರಿ ನಿವೃತ್ತ ಆಟಗಾರರ ಸಂಘ ಕಟ್ಟಿದರು. ಅದರ ಕಚೇರಿ ಇದೇ ಶಿಕಾಗೋದಲ್ಲಿದೆ. 2016ರಲ್ಲಿ, ಆಗ ಆಡುತ್ತಿದ್ದ ಆಟಗಾರರು ತಮ್ಮ ಪಾಲಿನ ಹಣದಿಂದ, ಕನಿಷ್ಠ ಮೂರು ವರ್ಷ ಆಡಿ ನಿವೃತ್ತರಾದವರಿಗೆ ಆರೋಗ್ಯ ವಿಮೆ ಕೊಡಲು ಒಪ್ಪಿದರು. ಎಬಿಎ ಎಂಬ ಹಳೆಯ ಲೀಗು 1976ರಲ್ಲಿ ಮುಚ್ಚಿದಾಗ ಅದರ ನಾಲ್ಕು ತಂಡಗಳು ಎನ್‌ಬಿಎ ಸೇರಿದವು, ಆದರೆ ಎಷ್ಟೋ ಆಟಗಾರರು ಸರಿಯಾದ ಪಿಂಚಣಿಯಿಲ್ಲದೆ ಉಳಿದರು. 2022ರಲ್ಲಿ, ಅಂದರೆ 46 ವರ್ಷದ ಮೇಲೆ, ಸುಮಾರು 115 ಜನರಿಗೆ ಒಟ್ಟು 24.5 ಮಿಲಿಯನ್ ಡಾಲರ್ ಮಂಜೂರಾಯಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು.

ಈಗ ನಮ್ಮ ಲೆಕ್ಕ ನೋಡಿ. ಪ್ರತಿ ಸಂಬಳದಲ್ಲೂ ಸೋಶಿಯಲ್ ಸೆಕ್ಯುರಿಟಿಗೆ ಹಣ ಕತ್ತರಿಸುತ್ತಾರೆ. ನಿವೃತ್ತಿಯಲ್ಲಿ ಅದು ಕೈಗೆ ಬರಬೇಕಾದರೆ 40 ಕ್ರೆಡಿಟ್ ಬೇಕು, ಅಂದರೆ ಹತ್ತು ವರ್ಷದ ದುಡಿಮೆ. ಎರಡೂ ದೇಶಗಳ ಸೇವಾವಧಿ ಕೂಡಿಸಿ ನೋಡುವ ಒಪ್ಪಂದ ಭಾರತ ಮತ್ತು ಅಮೆರಿಕದ ನಡುವೆ ಇಲ್ಲ. ಏಳನೇ ವರ್ಷಕ್ಕೆ ವೀಸಾ ಕೈಕೊಟ್ಟು ಹಾಸನಕ್ಕೋ ಹುಬ್ಬಳ್ಳಿಗೋ ಹಿಂತಿರುಗಿದವನು ಕಟ್ಟಿದ್ದು ಇಲ್ಲೇ ಉಳಿಯುತ್ತದೆ. ನಮ್ಮ ಕೂಟಗಳು ರಾಜ್ಯೋತ್ಸವ, ಯುಗಾದಿ ಚೆನ್ನಾಗಿ ಮಾಡುತ್ತವೆ, ಮಾಡಲಿ. ಅದರ ಜೊತೆಗೆ ಎರಡು ಕೋರಿಕೆ. ಕೆಲಸ ಕಳೆದುಕೊಂಡವರ ಕುಟುಂಬಕ್ಕೆ ವಿಮೆಯ ಕಂತು ಕಟ್ಟಲು ಕೂಟದಲ್ಲಿ ಒಂದು ಪುಟ್ಟ ನಿಧಿ. ಈ ಒಪ್ಪಂದದ ವಿಷಯವಾಗಿ ನಿಮ್ಮ ನಿಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರಿಗೆ ಒಂದು ಪತ್ರ. ಪತ್ರದ ಕರಡು ನೋಂದಣಿ ಮೇಜಿನ ಮೇಲಿದೆ, ಪಕ್ಕದಲ್ಲೇ ನಿಧಿಗೆ ಹೆಸರು ಬರೆಸುವ ಪುಸ್ತಕವೂ ಇದೆ. ಊಟಕ್ಕೆ ಹೋಗುವ ಮುಂಚೆ ದಯವಿಟ್ಟು ಅತ್ತ ಒಮ್ಮೆ ಬನ್ನಿ. ನಾನು ಅಲ್ಲೇ ಕೂತಿರುತ್ತೇನೆ.