ನೋಡದೆ ಹೇಳಿದ ಮಾತು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿರುವ ನನಗೆ ಸಾಧನೆಯ ಬಗ್ಗೆ ಮಾತಾಡಲು ಹೇಳಿದ್ದಾರೆ. ನಾನು ಇದೇ ಶಾಲೆಯಲ್ಲಿ ಮಾಡಿದ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ.

ಮೂರು ವರ್ಷದ ಹಿಂದೆ ನಾವು ಗೆಳೆಯರು ಹತ್ತು ಹಳೆಯ ಕಂಪ್ಯೂಟರ್‌ಗಳನ್ನು ಶಾಲೆಗೆ ತಂದೆವು. ಅವುಗಳಲ್ಲಿ ನಾನೇ ಉಬುಂಟು ಹಾಕಿದೆ. ಅದರ ತಿರುಳು ಲಿನಕ್ಸ್. 1991ರಲ್ಲಿ ಫಿನ್‌ಲ್ಯಾಂಡಿನ ಲೈನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಆರಂಭಿಸಿದ್ದು. ಲೈಸೆನ್ಸಿಗೆ ಹಣ ಕೊಡಬೇಕಿಲ್ಲ. ಒಳಗಿನ ಕೋಡ್ ಅನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಕೆಲವೇ ದಿನಗಳಲ್ಲಿ ದೂರು ಬಂತು. ಜಿಯೋಜೀಬ್ರಾದಲ್ಲಿ ಘನಾಕೃತಿ ತಿರುಗಿಸಿದರೆ ಪರದೆ ತಡವರಿಸುತ್ತಿತ್ತು, ವಿಡಿಯೋ ನಿಂತು ನಿಂತು ಓಡುತ್ತಿತ್ತು. ನಾನು ಫೋನಿನಲ್ಲೇ "ಮುದಿ ಯಂತ್ರಗಳು, ಗುಜರಿಗೆ ಹಾಕಿ" ಎಂದುಬಿಟ್ಟೆ. ಕೋಣೆಗೆ ಬೀಗ ಬಿತ್ತು. ಆರು ತಿಂಗಳ ನಂತರ ಜಾತ್ರೆಗೆ ಊರಿಗೆ ಬಂದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ನೋಡದs ಹ್ಯಾಂಗ ಹೇಳಿದ್ರಿ?"

ಬೀಗ ತೆಗೆಸಿ ಕುಳಿತೆ. 'ಜಿಎಲ್‌ಎಕ್ಸ್‌ಇನ್ಫೋ' ಎಂಬ ಆದೇಶ ಕೊಟ್ಟರೆ, ಪರದೆಯ ಚಿತ್ರ ಬಿಡಿಸುತ್ತಿರುವುದು ಯಾರೆಂದು ಯಂತ್ರ ಹೇಳುತ್ತದೆ. 'ಇಂಟೆಲ್' ಎಂದು ಬರಬೇಕಾದಲ್ಲಿ 'ಎಲ್‌ಎಲ್‌ವಿಎಂಪೈಪ್' ಎಂದು ಬಂತು. ಅಂದರೆ ಚಿತ್ರಕ್ಕೆಂದೇ ಇರುವ ಜಿಪಿಯು ಸುಮ್ಮನಿದೆ, ಅದರ ಕೆಲಸವನ್ನೂ ಸಿಪಿಯು ಮಾಡುತ್ತಿದೆ. ಎತ್ತುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ರೈತನೇ ನೊಗಕ್ಕೆ ಹೆಗಲು ಕೊಟ್ಟ ಹಾಗೆ. ಎತ್ತನ್ನು ನೊಗಕ್ಕೆ ಹೂಡುವ ತಂತ್ರಾಂಶವೇ ಗ್ರಾಫಿಕ್ಸ್ ಡ್ರೈವರ್.

ಅದು ಏಕೆ ಎದ್ದಿಲ್ಲ? ಯಂತ್ರ ಶುರುವಾಗುವಾಗ ಓದುವ ಸಾಲಿನಲ್ಲಿ 'ನೋಮೋಡ್‌ಸೆಟ್' ಎಂಬ ಪದವಿತ್ತು. ಡ್ರೈವರ್ ಪರದೆಯನ್ನು ವಹಿಸಿಕೊಳ್ಳದಂತೆ ಅದು ತಡೆಯುತ್ತದೆ. ಉಬುಂಟು ಹಾಕುವ ದಿನ ಪರದೆ ಕಪ್ಪಾಯಿತೆಂದು ತಾತ್ಕಾಲಿಕವಾಗಿ ನಾನೇ ಸೇರಿಸಿದ್ದೆ, ತೆಗೆಯಲು ಮರೆತಿದ್ದೆ.

ಮೊದಲು ಒಂದೇ ಯಂತ್ರ ಹಿಡಿದೆವು. ವ್ಯವಸ್ಥೆಯನ್ನು ಅಪ್‌ಡೇಟ್ ಮಾಡಿ, ಗ್ರಬ್ ಕಡತದಿಂದ ಆ ಪದ ತೆಗೆದು, 'ಅಪ್‌ಡೇಟ್-ಗ್ರಬ್' ಓಡಿಸಿ, ಮತ್ತೆ ಶುರು ಮಾಡಿದೆವು. ಇಂಟೆಲ್ ಹೆಸರು ಬಂತು. ಘನಾಕೃತಿ ಸರಾಗವಾಗಿ ತಿರುಗಿತು. ಸಂಜೆಯೊಳಗೆ ಒಂಬತ್ತು ಸರಿಯಾದವು. ಒಂದರಲ್ಲಿ ಪರದೆ ಮತ್ತೆ ಕಪ್ಪಾಯಿತು. ಆ ಪದವನ್ನು ಉಳಿಸಿ ಅದನ್ನು ಟೈಪಿಂಗ್ ಕಲಿಯಲು ಇಟ್ಟೆವು.

ಮೊದಲು ಅಳೆ, ಒಂದು ಸಲಕ್ಕೆ ಒಂದನ್ನೇ ಬದಲಿಸು, ಮತ್ತೆ ಅಳೆ, ಬರೆದಿಡು. ಇದನ್ನು ನನಗೆ ಕಲಿಸಿದ್ದು ಇದೇ ಶಾಲೆಯ ವಿಜ್ಞಾನ ಪ್ರಯೋಗಾಲಯ. ಅಂದು ಒಂದು ಸಾಲು ಬರೆದಿಟ್ಟಿದ್ದರೆ ಮಕ್ಕಳ ಆರು ತಿಂಗಳು ಹಾಳಾಗುತ್ತಿರಲಿಲ್ಲ. ಈಗ ಆ ಕೋಣೆಯಲ್ಲೊಂದು ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ ನನ್ನ ತಪ್ಪು, ಆ ಹುಡುಗಿಯ ಅಕ್ಷರದಲ್ಲಿ.

ಎಂಟನೆಯ ತರಗತಿಯಲ್ಲಿ ನನ್ನನ್ನೂ ಎಲ್ಲರೂ ದಡ್ಡನೆನ್ನುತ್ತಿದ್ದರು. ಗಣಿತದ ಗುರುಗಳು ಮಾತ್ರ ಹತ್ತಿರ ಬಂದು ನೋಡಿ, ಹುಡುಗನಿಗೆ ಬೋರ್ಡು ಕಾಣುತ್ತಿಲ್ಲ ಎಂದು ಕಂಡುಹಿಡಿದರು, ಕನ್ನಡಕ ಕೊಡಿಸಿದರು. ಅವರು ನೋಡಿ ಹೇಳಿದರು, ನಾನು ನೋಡದೆ ಹೇಳಿದೆ. ಅವರ ಮುಂದೆ ಇಂದು ಇದನ್ನು ಒಪ್ಪಿಕೊಂಡು ನನ್ನ ಮಾತು ಮುಗಿಸುತ್ತೇನೆ.